ಕಯಾಕಿಗೆ ಹಾಯಿ: ಪಠ್ಯದ ಚಿತ್ರ ಬಿಟ್ಟುಬಿಟ್ಟ ಅರ್ಧ

ಸದಿಶಗಳ ವಿಭಜನೆಯನ್ನು ಕಲಿಸುವಾಗ ಅಧ್ಯಾಪಕರು ಕೊಡುವ ಉದಾಹರಣೆಗಳಲ್ಲಿ ಹಾಯಿದೋಣಿಯೂ ಒಂದು. ಕಪ್ಪುಹಲಗೆಯ ಮೇಲೆ ದೋಣಿಯ ಆಕಾರ, ಅದರೊಳಗೆ ಓರೆಯಾಗಿ ಒಂದು ಗೆರೆ, ಅದೇ ಹಾಯಿ. ಗಾಳಿಯ ಬಲವನ್ನು ಬಾಣದಿಂದ ತೋರಿಸಿ, ಹಾಯಿಗೆ ಲಂಬವಾದ ಘಟಕವನ್ನು ತೆಗೆದು, ಅದರಿಂದ ಮತ್ತೆ ದೋಣಿಯ ಉದ್ದದ ದಿಕ್ಕಿನ ಘಟಕವನ್ನು ತೆಗೆದರೆ ದೋಣಿ ಮುಂದಕ್ಕೆ ಹೋಗುತ್ತದೆಂದು ಸಾಧಿಸಿದಂತಾಯಿತು. ಗಾಳಿ ಅಡ್ಡಲಾಗಿ ಬೀಸಿದರೂ ಮುಂದೆ ಸಾಗಬಹುದೆಂಬ ಅಚ್ಚರಿಯ ಸಂಗತಿಯನ್ನು ಎರಡು ನಿಮಿಷದಲ್ಲಿ ಮನವರಿಕೆ ಮಾಡಿಕೊಡುವ ಈ ಚಿತ್ರದ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನೇ ನಂಬಿ ನಿಜವಾದ ದೋಣಿಯೊಂದಕ್ಕೆ ಹಾಯಿ ಕಟ್ಟಹೊರಟರೆ ಏನಾದೀತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಚಿತ್ರವನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಗೆ ಆರಿಸಿಕೊಂಡಿರುವುದು ಮೀನು ಹಿಡಿಯುವ ಕಯಾಕ್. ಕಯಾಕ್ ಮೂಲತಃ ಆರ್ಕ್‌ಟಿಕ್ ಪ್ರದೇಶದ ಇನ್ಯುಯಿಟ್ ಮೊದಲಾದ ಜನ ಬೇಟೆಗೆ ಬಳಸುತ್ತಿದ್ದ, ಚರ್ಮ ಹೊದಿಸಿದ ಕಿರಿದಾದ ದೋಣಿ. ಅಮೆರಿಕ, ಆಸ್ಟ್ರೇಲಿಯ, ಯೂರೋಪ್‌ಗಳಲ್ಲಿ ಇಂದು ಹವ್ಯಾಸಿಗಳು ಬಳಸುವ ಮೀನುಗಾರಿಕೆ ಕಯಾಕ್ ಹೆಚ್ಚಾಗಿ ಅಚ್ಚಿನಲ್ಲಿ ತಯಾರಾದ ಪ್ಲಾಸ್ಟಿಕ್ ದೋಣಿ. ಅದು ಅಗಲವಾಗಿರುತ್ತದೆ, ಕೂರುವ ಜಾಗ ಮೇಲ್ಭಾಗದಲ್ಲಿರುತ್ತದೆ, ಗಾಳಗಳನ್ನು ಸಿಕ್ಕಿಸಲು ಗೂಡುಗಳಿರುತ್ತವೆ. ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ತೋಳು ಸೋತಾಗ ಗಾಳಿಯಾದರೂ ಎಳೆಯಲಿ ಎಂದು ಮುಂಭಾಗದಲ್ಲಿ ಸಣ್ಣ ಹಾಯಿ ನಿಲ್ಲಿಸುವವರು ಹಲವರು. ಇದಕ್ಕೆಂದೇ ಸಿದ್ಧ ಹಾಯಿಗಳೂ ಮಾರಾಟಕ್ಕೆ ಸಿಗುತ್ತವೆ. ಈ ದೋಣಿಯ ತಳ ಬಹುತೇಕ ಚಪ್ಪಟೆ. ನೀರಿನೊಳಗೆ ಇಳಿಯುವ ಕೀಲ್ ಇಲ್ಲ. ಪಠ್ಯದ ಚಿತ್ರವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದೋಣಿ ಬೇಕಿಲ್ಲ.

ಗಾಳಿಗೆ ಬಲವಿಲ್ಲ, ವೇಗವಿದೆ

ಚಿತ್ರದ ಮೊದಲ ದೋಷ ಮೊದಲ ಬಾಣದಲ್ಲೇ ಇದೆ. ಗಾಳಿಯು ‘ಬಲ’ವನ್ನು ಹೊತ್ತು ತರುವುದಿಲ್ಲ, ಅದಕ್ಕಿರುವುದು ವೇಗ. ಬಲ ಹುಟ್ಟುವುದು ಗಾಳಿ ಮತ್ತು ಹಾಯಿ ಪರಸ್ಪರ ವರ್ತಿಸಿದಾಗ. ಅಲ್ಲಿ ಲೆಕ್ಕಕ್ಕೆ ಬರುವುದೂ ದೋಣಿಗೆ ಸಾಪೇಕ್ಷವಾದ ಗಾಳಿಯ ವೇಗವೇ ಹೊರತು ದಡದಲ್ಲಿ ಅಳೆದ ವೇಗವಲ್ಲ.

ಅಂಕಿಗಳಲ್ಲಿ ನೋಡೋಣ. ಹಾಯಿಯ ವಿಸ್ತೀರ್ಣ 1 ಚದರ ಮೀಟರ್, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ., ಬಲದ ಗುಣಾಂಕ 1.2 ಎಂದಿಟ್ಟುಕೊಂಡರೆ, ಹಾಯಿಯ ಮೇಲಿನ ಬಲ ಸಾಪೇಕ್ಷ ವೇಗದ ವರ್ಗದ 0.72ರಷ್ಟು. ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿ.ಮೀ. ವೇಗದ ಗಾಳಿಯಲ್ಲಿ ನಿಂತಿರುವ ದೋಣಿಯ ಹಾಯಿಗೆ 18 ನ್ಯೂಟನ್ ಬಲ ಸಿಗುತ್ತದೆ. ದೋಣಿ ಗಾಳಿಯ ದಿಕ್ಕಿನಲ್ಲೇ ಸೆಕೆಂಡಿಗೆ 1.5 ಮೀಟರ್ ವೇಗ ಪಡೆದಾಗ ಸಾಪೇಕ್ಷ ವೇಗ 3.5 ಮೀಟರಿಗೆ ಇಳಿಯುತ್ತದೆ, ಬಲ 8.8 ನ್ಯೂಟನ್ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ಬಲ ಓಟದಲ್ಲೇ ಕರಗಿಹೋಯಿತು!

ಇನ್ನು ಈ ವೇಗದಲ್ಲಿ ಕಯಾಕಿಗೆ ನೀರು ಒಡ್ಡುವ ತಡೆ 15 ನ್ಯೂಟನ್ ಇರಲಿ, ಅದು ವೇಗದ ವರ್ಗಕ್ಕೆ ಅನುಪಾತದಲ್ಲಿರಲಿ. ಹಾಯಿಯ ಬಲವೂ ನೀರಿನ ತಡೆಯೂ ಸಮವಾಗುವುದು ದೋಣಿಯ ವೇಗ ಸೆಕೆಂಡಿಗೆ ಸುಮಾರು 1.24 ಮೀಟರ್ ಆದಾಗ. ಅಂದರೆ ಗಂಟೆಗೆ ನಾಲ್ಕೂವರೆ ಕಿ.ಮೀ.; ಮನುಷ್ಯನ ನಡಿಗೆಯ ವೇಗ. ಆಸೆಪಟ್ಟು ಹಾಯಿಯನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ವೇಗ 1.59 ಮೀಟರ್ ಆಗುತ್ತದೆ. ಬಟ್ಟೆ ನೂರಕ್ಕೆ ನೂರು ಹೆಚ್ಚಿದರೂ ವೇಗ ಹೆಚ್ಚಿದ್ದು ನೂರಕ್ಕೆ 28ರಷ್ಟು ಮಾತ್ರ. ವೇಗ ಹೆಚ್ಚಿದಂತೆ ದೋಣಿ ತಾನೇ ಎಬ್ಬಿಸುವ ಅಲೆಗಳ ತಡೆಯೂ ಸೇರಿಕೊಳ್ಳುವುದರಿಂದ ನಿಜವಾದ ಲಾಭ ಇದಕ್ಕಿಂತಲೂ ಕಡಿಮೆ.

ಎಸೆದುಬಿಟ್ಟ ಘಟಕ ಎಲ್ಲಿಗೆ ಹೋಯಿತು?

ಎರಡನೆಯ ದೋಷ ಇನ್ನೂ ಗಂಭೀರವಾದುದು. ಉದ್ದದ ದಿಕ್ಕಿನ ಘಟಕವನ್ನು ಇಟ್ಟುಕೊಂಡು ಅಡ್ಡ ಘಟಕವನ್ನು ‘ದೋಣಿ ಅಡ್ಡಲಾಗಿ ಚಲಿಸದು’ ಎಂಬ ಒಂದು ವಾಕ್ಯದಲ್ಲಿ ಕೈಬಿಡುತ್ತೇವೆ. ಏಕೆ ಚಲಿಸದು? ಬಲವಿದ್ದಲ್ಲಿ ಅದಕ್ಕೆ ಎದುರಾದ ಇನ್ನೊಂದು ಬಲವಿಲ್ಲದಿದ್ದರೆ ಚಲನೆ ಆಗಲೇಬೇಕಲ್ಲವೇ? ಆ ಎದುರು ಬಲ ಬರುವುದು ನೀರಿನಿಂದ, ಅದನ್ನು ಪಡೆಯುವುದು ಕೀಲ್. ಚಪ್ಪಟೆ ತಳದ ಕಯಾಕಿನಲ್ಲಿ ಕೀಲ್ ಇಲ್ಲವಾದ್ದರಿಂದ ಅದು ಅಡ್ಡ ಗಾಳಿಗೆ ಏಡಿಯಂತೆ ಪಕ್ಕಕ್ಕೆ ಜಾರುತ್ತದೆ. ಪಠ್ಯದಲ್ಲಿ ಕಾಣದ ಭಾಗ ಇಲ್ಲಿ ನಿಜವಾಗಿಯೂ ಇಲ್ಲದಿರುವುದರಿಂದ ಚಿತ್ರದ ಕೊರತೆ ಬಯಲಾಗುತ್ತದೆ.

ಪರಿಹಾರ ದೊಡ್ಡದೇನಲ್ಲ: ದೋಣಿಯ ಪಕ್ಕದಲ್ಲಿ ನೀರಿಗೆ ಇಳಿಬಿಡುವ ಒಂದು ಹಲಗೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ 800 ಪಟ್ಟಿಗೂ ಹೆಚ್ಚು. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ, ಹಲಗೆಯ ಬಲಗುಣಾಂಕ 0.4 ಇದ್ದರೆ, 18 ನ್ಯೂಟನ್ ಅಡ್ಡ ಬಲ ಪಡೆಯಲು 0.04 ಚದರ ಮೀಟರ್ ಸಾಕು. ಒಂದು ಮೀಟರ್ ಉದ್ದಗಲದ ಬಟ್ಟೆಗೆ ನೋಟ್‌ಬುಕ್ಕಿನ ಅಳತೆಯ ಹಲಗೆ ಜೋಡಿ! ಆದರೆ ವೇಗ ಅರ್ಧವಾದರೆ ಹಲಗೆ ನಾಲ್ಕು ಪಟ್ಟು ದೊಡ್ಡದಿರಬೇಕು. ನಿಂತ ದೋಣಿಯ ಹಲಗೆಗೆ ಹಿಡಿತವೇ ಇಲ್ಲ. ಆದ್ದರಿಂದಲೇ ಹಾಯಿದೋಣಿಗೆ ತಿರುಗಲು, ಏರಲು ಮೊದಲು ಓಟ ಬೇಕು.

ಹಲಗೆಯ ಸ್ಥಾನವೂ ಮುಖ್ಯ. ಹಾಯಿ ಮುಂಭಾಗದಲ್ಲಿದ್ದು ನೀರಿನ ಅಡ್ಡ ಬಲ ಹಿಂದೆ ಇದ್ದರೆ ಇವೆರಡೂ ಸೇರಿ ಒಂದು ಬಲಯುಗ್ಮವಾಗುತ್ತವೆ. ದೋಣಿಯ ಮೂತಿ ಗಾಳಿ ಹೋಗುವ ಕಡೆಗೆ ತಿರುಗುತ್ತಲೇ ಇರುತ್ತದೆ. ಹಿಂದಿನಿಂದ ಬೀಸುವ ಗಾಳಿಯಲ್ಲಿ ಇದು ಅನುಕೂಲವೇ. ಅಡ್ಡ ಗಾಳಿಯಲ್ಲಿ ದಾರಿ ಹಿಡಿಯಬೇಕಾದವರಿಗೆ ಮಾತ್ರ ಹಲಗೆಯನ್ನು ಆಸನಕ್ಕಿಂತ ಮುಂದೆ ಕಟ್ಟದೆ ಗತಿಯಿಲ್ಲ.

‘ಉದ್ದ ದಾರಿ’ಯ ಕಥೆ

ಹಾಯಿಯಲ್ಲಿ ಬಲ ಹೇಗೆ ಹುಟ್ಟುತ್ತದೆಂಬುದಕ್ಕೆ ಹಲವು ಪುಸ್ತಕಗಳು ವಿಮಾನದ ರೆಕ್ಕೆಯ ವಿವರಣೆಯನ್ನೇ ಎರವಲು ತರುತ್ತವೆ. ಉಬ್ಬಿದ ಬದಿಯಲ್ಲಿ ದಾರಿ ಉದ್ದ. ಎರಡೂ ಬದಿಯ ಗಾಳಿ ಒಟ್ಟಿಗೇ ತುದಿ ಮುಟ್ಟಬೇಕು. ಆದ್ದರಿಂದ ಉಬ್ಬಿದ ಬದಿಯಲ್ಲಿ ವೇಗ ಹೆಚ್ಚು, ಬರ್ನೌಲಿ ತತ್ತ್ವದಂತೆ ಒತ್ತಡ ಕಡಿಮೆ ಎಂಬುದು ಆ ವಾದ. ಈ ಕಥೆಯನ್ನು ಹೇಳುವವರು ಒಮ್ಮೆ ಹಾಯಿಯನ್ನೇ ನೋಡಬೇಕು. ಹಾಯಿ ಒಂದು ತೆಳು ಬಟ್ಟೆ. ಅದರ ಎರಡೂ ಮೈಗಳ ಉದ್ದ ಒಂದೇ. ವಾದ ಸರಿಯಾಗಿದ್ದರೆ ಹಾಯಿಯ ಮೇಲೆ ಬಲವೇ ಇರಬಾರದು!

ಎರಡು ಬದಿಯ ಗಾಳಿ ಒಟ್ಟಿಗೇ ತುದಿ ತಲುಪಬೇಕೆಂಬ ನಿಯಮ ಭೌತವಿಜ್ಞಾನದಲ್ಲಿ ಎಲ್ಲೂ ಇಲ್ಲ. ಕೇಂಬ್ರಿಜ್‌ನ ಹೋಲ್ಗರ್ ಬಬಿನ್‌ಸ್ಕಿ 2003ರಲ್ಲಿ ‘ಫಿಸಿಕ್ಸ್ ಎಜುಕೇಷನ್’ ಪತ್ರಿಕೆಯಲ್ಲಿ ಶಿಕ್ಷಕರಿಗಾಗಿಯೇ ಬರೆದ ಲೇಖನದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಬಾಗಿದ ಹಾಯಿಯ ಸುತ್ತ ಗಾಳಿಯ ಹರಿವೂ ಬಾಗುತ್ತದೆ. ಬಾಗಿದ ಹರಿವಿಗೆ ಕೇಂದ್ರಾಭಿಮುಖ ಬಲ ಬೇಕು; ಅದನ್ನು ಒತ್ತಡದ ವ್ಯತ್ಯಾಸ ಒದಗಿಸುತ್ತದೆ. ಹಾಯಿ ಗಾಳಿಯನ್ನು ಒಂದು ಕಡೆಗೆ ತಿರುಗಿಸುತ್ತದೆ, ಗಾಳಿ ಹಾಯಿಯನ್ನು ಇನ್ನೊಂದು ಕಡೆಗೆ ಒತ್ತುತ್ತದೆ. ಬರ್ನೌಲಿಯೂ ಸರಿ, ನ್ಯೂಟನ್ನನ ಮೂರನೆಯ ನಿಯಮವೂ ಸರಿ. ಸುಳ್ಳಾಗಿರುವುದು ‘ಒಟ್ಟಿಗೇ ತಲುಪಬೇಕು’ ಎಂಬ ಷರತ್ತು ಮಾತ್ರ. ನೀರಿನಲ್ಲಿರುವ ಹಲಗೆ ಮಾಡುವುದೂ ಇದೇ ಕೆಲಸವನ್ನು. ಒಂದು ಗಾಳಿಯನ್ನು ತಿರುಗಿಸುತ್ತದೆ, ಇನ್ನೊಂದು ನೀರನ್ನು.

ಬಿಂದುವಿಗೆ ಎತ್ತರವಿಲ್ಲ, ಹಾಯಿಗೆ ಇದೆ

ಮೂರನೆಯ ದೋಷದಲ್ಲಿ ಪ್ರಾಣಾಪಾಯವಿದೆ. ಚಿತ್ರದಲ್ಲಿ ಎಲ್ಲ ಬಲಗಳೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನಿಜದಲ್ಲಿ ಗಾಳಿಯ ಬಲ ನೀರಿನಿಂದ ಮೀಟರಿಗೂ ಮೇಲೆ, ನೀರಿನ ಎದುರು ಬಲ ಕೆಳಗೆ. ನಡುವಿನ ಅಂತರ 1.4 ಮೀಟರ್ ಇರಲಿ. 18 ನ್ಯೂಟನ್ನಿನಷ್ಟೂ ಅಡ್ಡಲಾಗಿ ಬಿದ್ದರೆ ದೋಣಿಯನ್ನು ಮಗುಚುವ ಭ್ರಾಮಕ ಸುಮಾರು 25 ನ್ಯೂಟನ್-ಮೀಟರ್.

ಇದನ್ನು ತಡೆಯುವುದು ದೋಣಿಯ ತೂಕ. ದೋಣಿ, ಮನುಷ್ಯ, ಸಾಮಾನು ಸೇರಿ 120 ಕಿ.ಗ್ರಾಂ., ಗುರುತ್ವಕೇಂದ್ರದಿಂದ ಮೆಟಾಸೆಂಟರಿಗೆ ಇರುವ ಎತ್ತರ 20 ಸೆಂ.ಮೀ. ಎಂದಾದರೆ ದೋಣಿ 6 ಡಿಗ್ರಿ ವಾಲಿ ನಿಲ್ಲುತ್ತದೆ. ಇದೇನೂ ಭಯಪಡುವಂಥದ್ದಲ್ಲ. ಆದರೆ ಗಾಳಿ ಸೆಕೆಂಡಿಗೆ 10 ಮೀಟರ್ ಆದರೆ ಭ್ರಾಮಕ ನಾಲ್ಕು ಪಟ್ಟಾಗಿ ವಾಲು 25 ಡಿಗ್ರಿ ಮುಟ್ಟುತ್ತದೆ. ಅಷ್ಟರಲ್ಲಿ ದೋಣಿಯ ಒಂದು ಅಂಚು ನೀರೊಳಗಿರುತ್ತದೆ. ಮೀನು ಹಿಡಿಯುವವರು ನೋಟಕ್ಕೆ ಅನುಕೂಲವಾಗಲೆಂದು ಆಸನವನ್ನು ಎತ್ತರಿಸುವುದುಂಟು. 80 ಕಿ.ಗ್ರಾಂ. ಮನುಷ್ಯ 15 ಸೆಂ.ಮೀ. ಮೇಲೆ ಕುಳಿತರೆ ಒಟ್ಟು ಗುರುತ್ವಕೇಂದ್ರ 10 ಸೆಂ.ಮೀ. ಮೇಲೇರುತ್ತದೆ, ದೋಣಿಯ ಸ್ಥಿರತೆ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಆಸನವೂ ಒಳ್ಳೆಯ ಹಾಯಿಯೂ ಬೇರೆ ಬೇರೆಯಾಗಿ ನಿರಪಾಯಕಾರಿ, ಜೊತೆಯಾದರೆ ಅಲ್ಲ.

ಕರಾವಳಿಯ ಜನ ಇದಕ್ಕೆ ಬಹು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಶ್ರೀಲಂಕಾದ ಮೀನುಗಾರರ ಹಾಯಿದೋಣಿ ‘ಓರು’ವಿಗೆ ಒಂದು ಬದಿಯಲ್ಲಿ, ದೂರಕ್ಕೆ ಚಾಚಿದ ಕೋಲುಗಳ ತುದಿಯಲ್ಲಿ ತೇಲುಮರವಿರುತ್ತದೆ. ಇಂಥ ಪಕ್ಕತೇಲಿನ ಸಣ್ಣ ದೋಣಿಗಳು ನಮ್ಮ ಕಾರವಾರದ ಕಡೆಯೂ ಇವೆ. ಬಾಯಿ ಮುಚ್ಚಿದ 20 ಲೀಟರಿನ ಖಾಲಿ ಕ್ಯಾನನ್ನು ಒಂದು ಮೀಟರ್ ದೂರದಲ್ಲಿ ಕಟ್ಟಿದರೂ ಅದು ಪೂರ್ತಿ ಮುಳುಗುವ ಮುನ್ನ ಸುಮಾರು 190 ನ್ಯೂಟನ್-ಮೀಟರಿನಷ್ಟು ತಡೆ ಒಡ್ಡಬಲ್ಲದು. ಬಿರುಗಾಳಿಯ ಹೊಡೆತವೊಂದನ್ನು ತಡೆದುಕೊಳ್ಳಲು ಅಷ್ಟು ಸಾಕು.

ಚರಿತ್ರೆ ಹೇಳುವುದೂ ಇದನ್ನೇ

ಸ್ಕಾಟ್ಲೆಂಡ್ ಮೂಲದ ಜಾನ್ ಮ್ಯಾಕ್‌ಗ್ರೆಗರ್ 1865ರಲ್ಲಿ ಯೂರೋಪಿನ ನದಿಗಳಲ್ಲಿ ಸುತ್ತಾಡಿದ ‘ರಾಬ್ ರಾಯ್’ ದೋಣಿ 15 ಅಡಿ ಉದ್ದ, 28 ಅಂಗುಲ ಅಗಲವಿತ್ತು. ಎರಡು ಅಲಗಿನ ಹುಟ್ಟಿನ ಜೊತೆಗೆ ಸಣ್ಣ ಹಾಯಿಗಳೂ ಇದ್ದವು. ಅಲ್ಲಿ ಹಾಯಿ ಹುಟ್ಟಿಗೆ ನೆರವು ಮಾತ್ರ. ಹಾಯಿಯಿಂದಲೇ ಸ್ಪರ್ಧಿಸುವ ಆಸೆ ಬಂದ ಮೇಲೆ ಮುಂದಿನ ದಶಕಗಳಲ್ಲಿ ಅದೇ ಜಾತಿಯ ದೋಣಿಗಳಿಗೆ ತಳದಲ್ಲಿ ಇಳಿಬಿಡುವ ಹಲಗೆ ಬಂತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಪಾಲ್ ಬಟ್ಲರ್ ದೋಣಿಯ ಅಂಚಿನಾಚೆಗೆ ಸರಿದು ಕೂರುವ ಜಾರು ಆಸನವನ್ನು ತಂದರು. ಮೊದಲು ಹಾಯಿ, ಆಮೇಲೆ ಹಲಗೆ, ಆಮೇಲೆ ಭ್ರಾಮಕಕ್ಕೆ ಉತ್ತರ! ಪಠ್ಯದ ಚಿತ್ರ ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟಿದೆ. ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್ 1956ರಲ್ಲಿ ಹಾಯಿ ಕಟ್ಟಿದ ಮಡಚುವ ಕಯಾಕಿನಲ್ಲಿ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ್ದು ನಿಜ. ಆದರೆ ಅವರು ಹೊರಟದ್ದು ವಾಣಿಜ್ಯ ಮಾರುತಗಳು ಬೀಸುವ ದಿಕ್ಕಿನಲ್ಲಿ. ಹಿಂದಿರುಗಿ ಹುಟ್ಟು ಹಾಕಬೇಕಾದ ಪ್ರಮೇಯ ಅವರಿಗಿರಲಿಲ್ಲ.

ಸಂಜೆಗೆ ಮನೆ ಸೇರಬೇಕಾದ ಮೀನುಗಾರನಿಗೆ ಆ ಪ್ರಮೇಯವಿದೆ. ಸೆಕೆಂಡಿಗೆ 10 ಮೀಟರ್ ಗಾಳಿಗೆ ಎದುರಾಗಿ, ಹಾಯಿ ಇಳಿಸಿ, ದೋಣಿ ಮತ್ತು ಮೈ ಸೇರಿ ಅರ್ಧ ಚದರ ಮೀಟರ್ ಒಡ್ಡಿದರೂ ಇದ್ದಲ್ಲೇ ನಿಲ್ಲಲು ಸುಮಾರು 30 ನ್ಯೂಟನ್ ಬೇಕು. ಹೋಗುವಾಗ ಆರಾಮವಾಗಿ ಹಾಕಿದ ಹುಟ್ಟಿನ ಬಲ 15 ನ್ಯೂಟನ್! ಅಂದರೆ ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯಲ್ಲಿ, ಹಲಗೆಯಿಲ್ಲದ ಹಾಯಿ ಒಮ್ಮುಖದ ಟಿಕೆಟ್ಟು ಇದ್ದಂತೆ. ಹಾಯಿಯ ಹಗ್ಗವನ್ನು ದೋಣಿಗೆ ಗಂಟು ಹಾಕದೆ ಕೈಯಲ್ಲೇ ಹಿಡಿದಿರಬೇಕು, ಜೀವರಕ್ಷಕ ಜಾಕೆಟ್ ತೊಟ್ಟಿರಬೇಕು, ಮೊದಲು ಗಾಳಿಗೆ ಎದುರಾಗಿ ಹೋಗಿ ಗಾಳಿಯೊಂದಿಗೆ ಮರಳಬೇಕು ಎಂಬ ಅನುಭವಿಗಳ ಮಾತುಗಳು ಈ ಲೆಕ್ಕದ ಫಲಿತಾಂಶಗಳೇ.

ತರಗತಿಯಲ್ಲಿ ಏನು ಮಾಡಬಹುದು?

ಹಳೆಯ ಚಿತ್ರವನ್ನು ಅಳಿಸಬೇಕಿಲ್ಲ, ಪೂರ್ತಿ ಮಾಡಿದರೆ ಸಾಕು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಅಂಗೈಯಷ್ಟು ಉದ್ದದ ಥರ್ಮೊಕೋಲ್ ತುಂಡಿಗೆ ಕಡ್ಡಿ ಚುಚ್ಚಿ, ರಟ್ಟಿನ ಹಾಯಿಯನ್ನು ಓರೆಯಾಗಿ ಅಂಟಿಸಿ. ಮೇಜಿನ ಫ್ಯಾನನ್ನು ದೂರದಲ್ಲಿಟ್ಟು ಅಡ್ಡಲಾಗಿ ಗಾಳಿ ಬಿಡಿ. ದೋಣಿ ಪಕ್ಕಕ್ಕೆ ಜಾರುತ್ತದೆ. ತಳಕ್ಕೆ ತಗಡಿನ ಚೂರೊಂದನ್ನು ಉದ್ದಕ್ಕೆ ಸಿಕ್ಕಿಸಿ ಮತ್ತೆ ಬಿಡಿ. ಈಗ ಅದು ಮುಂದೆ ಹೋಗುವುದನ್ನು ವಿದ್ಯಾರ್ಥಿಗಳೇ ನೋಡಲಿ. ಬಳಿಕ ಹಾಯಿಯನ್ನು ಕಡ್ಡಿಯ ತುದಿಗೆ ಏರಿಸಿ, ವಾಲು ಎಷ್ಟು ಹೆಚ್ಚಿತೆಂದು ಅಳೆಯಲಿ.

ಕಪ್ಪುಹಲಗೆಯ ಚಿತ್ರದಲ್ಲೂ ಎರಡು ಗೆರೆ ಹೆಚ್ಚು ಎಳೆಯಿರಿ: ನೀರಿನ ಕೆಳಗೆ ಒಂದು ಹಲಗೆ, ಅದರ ಮೇಲೆ ಎದುರು ದಿಕ್ಕಿನ ಒಂದು ಬಾಣ. ಪಕ್ಕದಲ್ಲೇ ಹಿಂದಿನಿಂದ ಕಂಡ ದೋಣಿಯ ಚಿತ್ರ ಬರೆದು ಆ ಎರಡು ಬಾಣಗಳ ನಡುವಿನ ಎತ್ತರವನ್ನು ಗುರುತಿಸಿ. ಹಾಯಿ ಒಂದು ಪೂರ್ಣ ಯಂತ್ರವಲ್ಲ, ಗಾಳಿ ಮತ್ತು ನೀರಿನ ನಡುವೆ ನಿಂತ ಯಂತ್ರದ ಅರ್ಧ ಭಾಗ. ಇನ್ನರ್ಧವನ್ನು ತೋರಿಸದೆ ಪಾಠ ಮುಗಿಸಿದರೆ ವಿದ್ಯಾರ್ಥಿಗೆ ಅಂಕ ಸಿಗಬಹುದು. ದೋಣಿ ದಡ ಸೇರದು.