ಮಸಿಯಲ್ಲಿ ನಿಂತ ಮುಖ

ನಮ್ಮ ಮನೆಯ ಹಳೆಯ ಆಲ್ಬಮ್ಮಿನ ಒಂದು ಪುಟದಲ್ಲಿ ಎರಡು ಮುಖಗಳಿವೆ. ಒಂದು, ಮಾಕಳಿದುರ್ಗದ ಕೋಟೆಯ ಬಂಡೆಯ ಮೇಲೆ ನಿಂತ ನನ್ನ ತಂದೆಯದು. ಇನ್ನೊಂದು, ಅವರೇ ಪಕ್ಕದಲ್ಲಿ ಅಂಟಿಸಿದ ಅಂಚೆಚೀಟಿಯದು. ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೆಂದು, ಅವರು ಬದುಕಿರುವಾಗಲೇ, 1960ರ ಸೆಪ್ಟೆಂಬರ್ 15ರಂದು ಹೊರಟ 15 ನಯಾಪೈಸೆಯ ಚೀಟಿ ಅದು. ಇಂದು ತಂದೆಯ ಮುಖ ಹಳದಿಗಟ್ಟಿ ಕರಗುತ್ತಿದೆ. ಚೀಟಿಯ ಮುಖ ಕದಲಿಲ್ಲ. ಈ ಪಕ್ಷಪಾತವೇಕೆ?

ಫೋಟೋ ಬೆಳ್ಳಿಯ ಕೆಲಸ. ತೊಳೆಯುವಾಗ ಹೈಪೊ ಕೊಂಚ ಉಳಿದರೂ ಸಾಕು, ಅದರ ಗಂಧಕ ಬೆಳ್ಳಿಯ ಕಣಗಳನ್ನು ವರ್ಷಗಟ್ಟಲೆ ತಿನ್ನುತ್ತದೆ. ಅಂಚೆಚೀಟಿಯದಾದರೋ ಫೋಟೋಗ್ರೇವ್ಯೂರ್ ಅಚ್ಚು. ಅಲ್ಲಿ ಬೆಳ್ಳಿಯಿಲ್ಲ, ಇರುವುದು ಮಸಿ.

ಈ ಕಲೆಯ ಗುಟ್ಟು ಸೊಗಸಾದದ್ದು. ಬೈಕ್ರೋಮೇಟ್ ಬೆರೆಸಿದ ಜೆಲಟಿನ್ ಬೆಳಕು ತಾಗಿದಲ್ಲಿ ಗಟ್ಟಿಯಾಗುತ್ತದೆಂಬುದನ್ನು ಇಂಗ್ಲೆಂಡಿನ ಟಾಲ್ಬಟ್ 1852ರಲ್ಲಿಯೇ ಬಳಸಿಕೊಂಡ. 1879ರಲ್ಲಿ ವಿಯೆನ್ನಾದ ಕಾರೆಲ್ ಕ್ಲಿಚ್ ಅದನ್ನು ಹದಕ್ಕೆ ತಂದ. ತಾಮ್ರದ ಫಲಕಕ್ಕೆ ರಾಳದ ಪುಡಿ ಹಿಡಿಸಿ, ಮೇಲೆ ಜೆಲಟಿನ್ನಿನ ಚಿತ್ರವಿಟ್ಟು, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ, ಜೆಲಟಿನ್ ತೆಳುವಾದ ಕಡೆ ತಾಮ್ರ ಆಳವಾಗಿ ಕೊರೆಯುತ್ತದೆ, ದಪ್ಪಗಿರುವ ಕಡೆ ತೆಳುವಾಗಿ. ಆಳದಲ್ಲಿ ಮಸಿ ಹೆಚ್ಚು, ಅಲ್ಲಿ ಕತ್ತಲು. ಪತ್ರಿಕೆಯ ಚಿತ್ರದಲ್ಲಿ ದೊಡ್ಡ ಚುಕ್ಕೆ, ಸಣ್ಣ ಚುಕ್ಕೆಗಳು ಕಣ್ಣನ್ನು ವಂಚಿಸುತ್ತವೆ. ಇಲ್ಲಿ ನೆರಳಿಗೆ ನಿಜವಾದ ದಪ್ಪವಿದೆ. ಒಳ್ಳೆಯ ಮಸಿ, ಒಳ್ಳೆಯ ಕಾಗದ ಸಿಕ್ಕಿದರೆ ಅದು ತಲೆಮಾರುಗಳನ್ನು ದಾಟುತ್ತದೆ.

ಹಾಗೆಂದು ಚೀಟಿಯನ್ನು ಕೇವಲ ಹೊಗಳಲಾರೆ. ಯಂತ್ರದ ಗ್ರೇವ್ಯೂರಿನಲ್ಲಿ ರಾಳದ ಪುಡಿಯ ಬದಲು ಜಾಲರಿಯುಂಟು. ಭೂತಗನ್ನಡಿ ಹಿಡಿದರೆ ಅಕ್ಷರಗಳ ಅಂಚು ಗರಗಸದಂತೆ ಕಾಣುತ್ತದೆ. ಕೆನ್ನೆಯ ನೆರಳಿಗೆ ಒಲಿದ ವಿದ್ಯೆ ಅಕ್ಷರಕ್ಕೆ ಅಷ್ಟಾಗಿ ಒಲಿದಿಲ್ಲ. ಇನ್ನೊಂದು ಮಿತಿಯೂ ಇದೆ. ನಮ್ಮ ದೇಶದ ಮೊದಲ ಗ್ರೇವ್ಯೂರ್ ಚೀಟಿಗಳು 1952ರಲ್ಲಿ ನಾಸಿಕದಲ್ಲಿ ಅಚ್ಚಾದವು. ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರರ ಆ ಸಾಲಿನಲ್ಲಿ ಕನ್ನಡದವರಿಲ್ಲ. ಪುರಂದರದಾಸರು ಚೀಟಿಗೆ ಬಂದದ್ದು 1964ರಲ್ಲಿ, ಬಸವಣ್ಣನವರು 1967ರಲ್ಲಿ. ಇವರನ್ನು ಕ್ಯಾಮರಾ ಕಂಡಿರಲಿಲ್ಲ. ಆದ್ದರಿಂದ ತಾಮ್ರ ಉಳಿಸಿದ್ದು ಕಲಾವಿದನ ಊಹೆಯನ್ನೇ ಹೊರತು ಅವರ ಮುಖವನ್ನಲ್ಲ. ವಿಶ್ವೇಶ್ವರಯ್ಯನವರು ಮಸೂರದ ಮುಂದೆ ಕುಳಿತವರು. ಶಾಶ್ವತತೆ ಬೇರೆ, ಸತ್ಯ ಬೇರೆ. ಎರಡೂ ಕೂಡಿದಾಗಲೇ ಚಿತ್ರ ಗೆಲ್ಲುತ್ತದೆ.

ಚಿತ್ರವನ್ನು ವಿಮರ್ಶಿಸುವಾಗ ನಾವು ಹೋಲಿಕೆಯನ್ನು ನೋಡುತ್ತೇವೆ, ಭಾವವನ್ನು ನೋಡುತ್ತೇವೆ. ಅದು ಯಾವುದರಿಂದ ಮಾಡಿದ್ದು ಎಂದು ಕೇಳುವುದಿಲ್ಲ. ನಮ್ಮ ಎಷ್ಟೋ ಪುಸ್ತಕಗಳಲ್ಲಿ ಕವಿಯ ಮುಖ ಕಪ್ಪು ಮುದ್ದೆಯಾಗಿರುವುದು ಈ ಅಲಕ್ಷ್ಯದಿಂದಲೇ.

ಮೊನ್ನೆ ಮಾಕಳಿದುರ್ಗವನ್ನು ಹತ್ತಿದೆ. ಕೆಳಗೆ ರೈಲು ಹಾದುಹೋಯಿತು. ತಂದೆ ನಿಂತಿದ್ದ ಬಂಡೆ ಸಿಕ್ಕಿತು; ಅದಕ್ಕೆ ಏನೂ ಆಗಿಲ್ಲ. ಮನೆಗೆ ಬಂದು ಫೋಟೋವನ್ನು ಬಿಸಿಲು ತಾಗದ ಪೆಟ್ಟಿಗೆಗೆ ಸೇರಿಸಿದೆ. ಅದರ ಪ್ರತಿ ತೆಗೆಸಿ ತಾಮ್ರಕ್ಕೆ ಏರಿಸುವ ಆಸೆಯಿದೆ, ಏರಿಸಲು ಮುಖ ಉಳಿದಿರುವಾಗಲೇ.