ಟಿಸಿಪಿಕಿಲ್: ಇಬ್ಬರಿಗೂ ಸುಳ್ಳು ಹೇಳುವ ತಂತ್ರಾಂಶ

ಬೇರೆ ಬೇರೆ ಊರಿನ ಇಬ್ಬರು ಗೆಳೆಯರು ಪತ್ರ ಬರೆದುಕೊಳ್ಳುತ್ತಿದ್ದಾರೆ ಎಂದು ಭಾವಿಸಿ. ಪ್ರತಿ ಲಕೋಟೆಯ ಮೇಲೂ ಒಂದು ಕ್ರಮಸಂಖ್ಯೆ ಇದೆ. ದಾರಿಯಲ್ಲಿ ಕುಳಿತ ಮೂರನೆಯವನೊಬ್ಬ ಆ ಸಂಖ್ಯೆಯನ್ನು ನೋಡಿಕೊಂಡು, ಒಬ್ಬನ ಹೆಸರಿನಲ್ಲಿ ಇನ್ನೊಬ್ಬನಿಗೆ ‘ಇನ್ನು ಪತ್ರ ಬೇಡ’ ಎಂದು ಬರೆದು ಹಾಕಿದರೆ ಪತ್ರವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಟಿಸಿಪಿಕಿಲ್ ಎಂಬ ಪುಟ್ಟ ತಂತ್ರಾಂಶ ಗಣಕ ಜಾಲದಲ್ಲಿ ಮಾಡುವುದು ಇದನ್ನೇ. ಹೆಸರು ಕೇಳಿದರೆ ಸಂಪರ್ಕವನ್ನು ಕತ್ತರಿಸುವ ಕತ್ತರಿ ಎನಿಸುತ್ತದೆ. ವಾಸ್ತವದಲ್ಲಿ ಅದು ಏನನ್ನೂ ಕತ್ತರಿಸುವುದಿಲ್ಲ.

2000ದ ಸುಮಾರಿಗೆ ಡಗ್ ಸಾಂಗ್ ಅವರ ಡಿಸ್ನಿಫ್ ಎಂಬ ಉಪಕರಣಗಳ ಕಟ್ಟಿನಲ್ಲಿ ಇದು ಬಂದಿತು. ಆಜ್ಞಾಸಾಲಿನಲ್ಲಿ ಜಾಲದ ಕಾರ್ಡಿನ ಹೆಸರನ್ನೂ ಯಾವ ಗಣಕ ಅಥವಾ ಯಾವ ಪೋರ್ಟ್ ಎಂಬುದನ್ನೂ ಕೊಟ್ಟರೆ ಸಾಕು. ಹಾದುಹೋಗುವ ಪೊಟ್ಟಣವನ್ನು ಅದು ಕದ್ದು ನೋಡುತ್ತದೆ, ಅದರಲ್ಲಿರುವ ಸಂಖ್ಯೆಯನ್ನು ಹಿಡಿದು, ಎದುರು ಪಕ್ಷದ ವಿಳಾಸ ಹಾಕಿ, ‘ರೀಸೆಟ್’ ಪೊಟ್ಟಣವೊಂದನ್ನು ಕಳಿಸುವವನಿಗೇ ತಿರುಗಿಸುತ್ತದೆ. ಇದರ ಮೂಲ ಉದ್ದೇಶವೇನು ಗೊತ್ತೇ? ಕೈಪಿಡಿಯ ಪ್ರಕಾರ, ಸಂಪರ್ಕ ಆರಂಭವಾಗುವ ಹಂತದಿಂದಲೇ ನೋಡಬೇಕಾದ ನಿಗಾ ತಂತ್ರಾಂಶಗಳಿಗೆ ನೆರವಾಗುವುದು. ಹಳೆಯ ಸಂಪರ್ಕ ಮುರಿದರೆ ಬಳಕೆದಾರ ಮತ್ತೆ ಲಾಗಿನ್ ಆಗಲೇಬೇಕು, ಆಗ ಕದ್ದು ಕೇಳುವವನಿಗೆ ಪೂರ್ತಿ ಮಾತುಕತೆ ಸಿಗುತ್ತದೆ! ಜಾಲ ನಿರ್ವಾಹಕರು ಇದನ್ನು ತಮ್ಮ ದಿನನಿತ್ಯದ ಆಯುಧವೆಂದು ಬಳಸುವುದು ನನಗೆ ಸರಿಕಾಣದಿರುವುದಕ್ಕೆ ಇದೂ ಒಂದು ಕಾರಣ.

ದೋಷಗಳನ್ನು ನೋಡೋಣ. ಆಜ್ಞೆ ಕೊಟ್ಟ ಕೂಡಲೇ ಏನೂ ಆಗುವುದಿಲ್ಲ. ಪೊಟ್ಟಣ ಹರಿಯದ ಸಂಪರ್ಕ ಇದರ ಕಣ್ಣಿಗೆ ಬೀಳದು. ಕೆಲಸ ಮುಗಿದ ಮೇಲೂ ತಾನಾಗಿ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು. ಪರದೆಯ ಮೇಲೆ ಸಾಲು ಸಾಲಾಗಿ ಬರುವುದು ಕಳಿಸಿದ ರೀಸೆಟ್‌ಗಳ ಲೆಕ್ಕ ಮಾತ್ರ. ಎಸೆದ ಕಲ್ಲು ಎಷ್ಟೆಂದು ಹೇಳುತ್ತದೆ, ಮಾವಿನಕಾಯಿ ಬಿತ್ತೇ ಎಂದು ಹೇಳುವುದಿಲ್ಲ. ಹಬ್ ಬಳಸುತ್ತಿದ್ದ ಕಾಲದಲ್ಲಿ ಎಲ್ಲರ ಪೊಟ್ಟಣವೂ ಎಲ್ಲರಿಗೂ ಕಾಣುತ್ತಿತ್ತು. ಸ್ವಿಚ್ ಬಂದ ಮೇಲೆ ಅದೂ ಇಲ್ಲ.

ಇನ್ನು ಅದರ 1ರಿಂದ 9ರವರೆಗಿನ ‘ಬಲ’ದ ಆಯ್ಕೆ. ಪೂರ್ವನಿಗದಿ 3. ವೇಗದ ಸಂಪರ್ಕದಲ್ಲಿ ಕ್ರಮಸಂಖ್ಯೆ ಓಡುತ್ತಲೇ ಇರುವುದರಿಂದ, ಮುಂದಿನ ಹಲವು ಸಂಖ್ಯೆಗಳಿಗೂ ರೀಸೆಟ್ ಕಳಿಸಿ ಗುರಿ ಮುಟ್ಟುವ ಯತ್ನ ಇದು. 1981ರ ಆರ್‌ಎಫ್‌ಸಿ 793ರ ನಿಯಮದಂತೆ, ಸಂಖ್ಯೆಯು ಸ್ವೀಕಾರದ ಮಿತಿಯೊಳಗೆ ಎಲ್ಲಿ ಬಿದ್ದರೂ ರೀಸೆಟ್ ಒಪ್ಪಿಗೆಯಾಗುತ್ತಿತ್ತು. 2010ರ ಆರ್‌ಎಫ್‌ಸಿ 5961 ನಿಯಮವನ್ನು ಬಿಗಿ ಮಾಡಿತು: ಸಂಖ್ಯೆ ನಿಖರವಾಗಿ ಹೊಂದಬೇಕು, ಇಲ್ಲವಾದರೆ ‘ನಿಜವಾಗಿ ನೀನೇನಾ?’ ಎಂದು ಎದುರು ಪಕ್ಷವನ್ನೇ ಕೇಳಲಾಗುತ್ತದೆ. ಇದನ್ನು ಪಾಲಿಸುವ ಗಣಕದ ಮುಂದೆ 9 ಎಂದು ಕೊಟ್ಟರೂ ಹೆಚ್ಚೇನೂ ಲಾಭವಿಲ್ಲ.

ಹಾಗಾದರೆ ಇದು ಹಲ್ಲಿಲ್ಲದ ಹಾವೇ? ಅಲ್ಲ. ದಾರಿಯಲ್ಲೇ ಕುಳಿತವನಿಗೆ ನಿಖರ ಸಂಖ್ಯೆ ಕಣ್ಣೆದುರೇ ಇರುತ್ತದೆ. ಬ್ಯಾಂಕಿನ ಪುಟದಲ್ಲಿ ಬೀಗದ ಗುರುತು ಕಂಡು ನಿಶ್ಚಿಂತರಾಗುವ ನಾವು ಒಂದನ್ನು ಮರೆಯುತ್ತೇವೆ. ಗೂಢಲಿಪಿ ಒಳಗಿನ ಪತ್ರವನ್ನು ಮಾತ್ರ ಮುಚ್ಚುತ್ತದೆ, ಟಿಸಿಪಿಯ ಲಕೋಟೆ ತೆರೆದೇ ಇರುತ್ತದೆ. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಸಂಸ್ಥೆ ತನ್ನದೇ ಗ್ರಾಹಕರ ಬಿಟ್‌ಟೊರೆಂಟ್ ಸಂಪರ್ಕಗಳನ್ನು ಇಂತಹ ಹುಸಿ ರೀಸೆಟ್‌ಗಳಿಂದಲೇ ಮುರಿದು ಸಿಕ್ಕಿಬಿದ್ದಿತು. ಅದು ಬಳಸಿದ್ದು ಟಿಸಿಪಿಕಿಲ್ ಅನ್ನಲ್ಲ, ಆದರೆ ಉಪಾಯ ಇದೇ. ಹಣ ಕೊಡುವ ಗ್ರಾಹಕನಿಗೆ, ತನ್ನ ಜೊತೆಗಾರನೇ ಫೋನ್ ಇಟ್ಟಂತೆ ತೋರಿತು.

ಯುಡಿಪಿ ಮೇಲೆ ಸಾಗುವ ಕ್ವಿಕ್ ಸಂಪರ್ಕಗಳನ್ನು ಟಿಸಿಪಿಕಿಲ್ ಮುಟ್ಟಲಾರದು. ಸ್ವಂತ ಗಣಕದ ಸಂಪರ್ಕವನ್ನು ಕೊನೆಗಾಣಿಸಲು ಈಗಿನ ಲಿನಕ್ಸ್‌ನ ಎಸ್‌ಎಸ್ ಆಜ್ಞೆಯಲ್ಲೇ ಕೆ ಆಯ್ಕೆಯಿದೆ. ಅದು ಕರ್ನಲ್‌ಗೆ ನೇರವಾಗಿ ಹೇಳುತ್ತದೆ, ಯಾರ ಹೆಸರನ್ನೂ ಕದಿಯುವುದಿಲ್ಲ. ಪರರ ಜಾಲದಲ್ಲಿ ಅನುಮತಿಯಿಲ್ಲದೆ ಅಡಚಣೆ ಮಾಡುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ವಿಧಿಗೆ ಒಳಪಡುತ್ತದೆ ಎಂಬುದೂ ನೆನಪಿರಲಿ.

ಪ್ರಯೋಗಾಲಯದಲ್ಲಿ ಮಾತ್ರ ಇದಕ್ಕೆ ನನ್ನ ಪೂರ್ಣ ಅಂಕ. ಹಳೆಯ ಗಣಕಗಳೆರಡಿದ್ದರೆ ಅವುಗಳ ನಡುವೆ ಒಂದು ಎಸ್‌ಎಸ್‌ಎಚ್ ಸಂಪರ್ಕ ತೆರೆಯಿರಿ, ಒಂದರಲ್ಲಿ ಟಿಸಿಪಿಕಿಲ್ ಓಡಿಸಿ, ಪಕ್ಕದಲ್ಲಿ ಟಿಸಿಪಿಡಂಪ್ ಇಟ್ಟುಕೊಂಡು ಕಾಯಿರಿ. ಯಾರೂ ಕೀಲಿ ಒತ್ತುವವರೆಗೆ ಸಂಪರ್ಕ ಹಾಗೆಯೇ ಬದುಕಿರುತ್ತದೆ. ಒಂದು ಅಕ್ಷರ ಒತ್ತಿ ನೋಡಿ.