ಬೆಸುಗೆ ತಂತಿಗೂ ಒಂದು ವಿವರಣೆ ಬೇಕು

ಶಾಲಾ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ತಯಾರಿಸುವ ಎಲೆಕ್ಟ್ರಾನಿಕ್ಸ್ ಮಾದರಿಗಳ ಸಾಮಗ್ರಿ ಪಟ್ಟಿಯನ್ನು ನೀವು ಗಮನಿಸಿರಬಹುದು. ರೋಧಕ 330 ಓಮ್, ಕೆಪಾಸಿಟರ್ 100 ಮೈಕ್ರೊಫ್ಯಾರಡ್, ಟ್ರಾನ್ಸಿಸ್ಟರ್ ಬಿಸಿ 547, ಹೀಗೆ ಪ್ರತಿ ಬಿಡಿಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಕೊನೆಯ ಸಾಲು ಮಾತ್ರ ‘ಬೆಸುಗೆ ತಂತಿ – ಅಗತ್ಯವಿದ್ದಷ್ಟು’. ಯಾವ ಮಿಶ್ರಲೋಹ, ಎಷ್ಟು ದಪ್ಪ, ಒಳಗೆ ಯಾವ ಫ್ಲಕ್ಸ್ ಎಂಬ ಸುಳಿವಿಲ್ಲ. ಇದನ್ನು ಸಣ್ಣ ಲೋಪವೆಂದು ಬಿಡುವಂತಿಲ್ಲ. ಮಾದರಿಯ ಬಾಳಿಕೆ ಮತ್ತು ಅದನ್ನು ಮಾಡುವ ಮಗುವಿನ ಆರೋಗ್ಯ ಎರಡೂ ಆ ಸಾಲನ್ನೇ ಅವಲಂಬಿಸಿವೆ.

ಮೊದಲು ಲೋಹದ ವಿಚಾರ. ತವರ 232, ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ತೂಕದಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆತಾಗ ಮಾತ್ರ ಆ ಮಿಶ್ರಣ 183 ಡಿಗ್ರಿಯಲ್ಲೇ ಒಮ್ಮೆಗೇ ಕರಗಿ, ಒಮ್ಮೆಗೇ ಗಟ್ಟಿಯಾಗುತ್ತದೆ. ತವರ ದುಬಾರಿ, ಸೀಸ ಅಗ್ಗ. ಆದ್ದರಿಂದ ಅಗ್ಗದ ತಂತಿಯಲ್ಲಿ ಸೀಸದ ಪಾಲು ಹೆಚ್ಚಿರುವ ಸಂಭವವಿದೆ. 40 ಪಾಲು ತವರ, 60 ಪಾಲು ಸೀಸವಿರುವ ತಂತಿ ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು. ಆರುವಾಗ 183ರವರೆಗೂ ಅದು ಅಂಬಲಿಯಂತಿರುತ್ತದೆ. ಅಷ್ಟರಲ್ಲಿ ವಿದ್ಯಾರ್ಥಿಯ ಕೈ ಸ್ವಲ್ಪ ಅಲುಗಿದರೂ ಜೋಡಣೆ ಸಡಿಲ. ‘ನಿನಗೆ ಬೆಸುಗೆ ಹಾಕಲು ಬರುವುದಿಲ್ಲ’ ಎಂದು ಅವನನ್ನು ಗದರುವ ಮುನ್ನ ತಂತಿಯ ಸುರುಳಿಯ ಮೇಲಿನ ಚೀಟಿಯನ್ನು ಓದಿ.

ಇನ್ನು ಫ್ಲಕ್ಸ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ತವರ ಸವರುವಾಗ ನವಸಾಗರ ಉಜ್ಜುವುದನ್ನು ಹಿರಿಯರು ನೋಡಿದ್ದಾರೆ. ಅದು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುತ್ತದೆ. ಸರ್ಕ್ಯೂಟಿನಲ್ಲಿ ಆ ಕೆಲಸವನ್ನು ಪೈನ್ ಮರದ ರಾಳದಿಂದ ಪಡೆದ ರೋಸಿನ್ ಮಾಡುತ್ತದೆ. ಪಾತ್ರೆ, ಕೊಳವೆಗಳಿಗೆ ಬಳಸುವ ನವಸಾಗರ ಅಥವಾ ಸತುವಿನ ಕ್ಲೋರೈಡನ್ನು ಇಲ್ಲಿ ಬಳಸಲೇಬಾರದು. ಪಾತ್ರೆಯನ್ನು ತೊಳೆಯಬಹುದು, ಬೋರ್ಡಿನ ಸಂದುಗಳನ್ನು ತೊಳೆಯುವುದು ಕಷ್ಟ. ಉಳಿದ ಕ್ಲೋರೈಡ್ ಗಾಳಿಯ ತೇವವನ್ನು ಹೀರಿ ತಾಮ್ರದ ಗೆರೆಗಳಿಗೆ ಕಿಲುಬು ಹಿಡಿಸುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲ ಪಕ್ಕದ ಮಂಗಳೂರಿನಲ್ಲಿ ಇದು ಪುಸ್ತಕದ ಎಚ್ಚರಿಕೆಯಷ್ಟೇ ಅಲ್ಲ. ಬೇಸಗೆಯಲ್ಲಿ ಬೆಳಗಿದ ಎಲ್‌ಇಡಿ ಆಟಿ ತಿಂಗಳಲ್ಲಿ ಆರಿಹೋದರೆ ಬ್ಯಾಟರಿಯನ್ನಷ್ಟೇ ಸಂಶಯಿಸಬೇಡಿ.

ಮೂರನೆಯದು ಸೀಸದ ಭಯ. ಇಲ್ಲಿ ನಮ್ಮ ಎಚ್ಚರಿಕೆಯೇ ದಾರಿ ತಪ್ಪಿದೆ. ಬೆಸುಗೆಯ ಹೊಗೆಯನ್ನು ‘ಸೀಸದ ಹೊಗೆ’ ಎನ್ನುತ್ತೇವೆ. ಬೆಸುಗೆ ಕಡ್ಡಿಯ ಸುಮಾರು 350 ಡಿಗ್ರಿ ಶಾಖದಲ್ಲಿ ಸೀಸ ಗಣನೀಯವಾಗಿ ಆವಿಯಾಗದು. ಅದರ ಕುದಿಬಿಂದು 1749 ಡಿಗ್ರಿ. ಕಾಣುವ ಹೊಗೆ ರೋಸಿನ್‌ನದು. ಅದೂ ಅಸ್ತಮಾ ತರಬಲ್ಲದು, ಕಿಟಕಿ ತೆರೆದಿಡುವುದು ಸರಿಯೇ. ಸೀಸ ದೇಹ ಸೇರುವ ಮುಖ್ಯ ದಾರಿ ಮಾತ್ರ ಬೆರಳು. ಕಿಟಕಿ ತೆರೆದಿಟ್ಟು, ಅದೇ ಮೇಜಿನ ಮೇಲೆ ಕೈ ತೊಳೆಯದೆ ಗೋಳಿಬಜೆ ತಿನ್ನಲು ಬಿಟ್ಟರೆ ಏನು ಪ್ರಯೋಜನ? ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000ದಲ್ಲಿ ಭಾರತ ಪೆಟ್ರೋಲಿನಿಂದ ಸೀಸವನ್ನು ತೆಗೆಯಿತು. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ, ನಮ್ಮ ದೇಶ 2011ರ ಇ-ತ್ಯಾಜ್ಯ ನಿಯಮಗಳ ಮೂಲಕ, ನಿಗದಿತ ಉಪಕರಣಗಳಲ್ಲಿ ಸೀಸಕ್ಕೆ ಶೇಕಡಾ 0.1ರ ಮಿತಿ ಹಾಕಿದವು. ಕಾರ್ಖಾನೆಗೆ ವಿಧಿಸಿದ ಈ ಎಚ್ಚರ ತರಗತಿಯ ಮೇಜಿಗೆ ಬೇಡವೆ? 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆ ಆರನೆಯ ತರಗತಿಯ ಮಕ್ಕಳನ್ನೂ ಒಳಗೊಂಡಿದೆ ಎಂಬುದನ್ನು ನೆನಪಿಡಿ.

ಹಾಗೆಂದು ‘ಸೀಸರಹಿತ’ ಎಂಬ ಮಾತು ಎಲ್ಲಕ್ಕೂ ಉತ್ತರವಲ್ಲ. 99.3 ಪಾಲು ತವರ, 0.7 ಪಾಲು ತಾಮ್ರದ ತಂತಿ 227 ಡಿಗ್ರಿಯಲ್ಲಿ ಕರಗುತ್ತದೆ. ಕಡ್ಡಿ ಹೆಚ್ಚು ಬಿಸಿಯಿರಬೇಕು, ತುದಿ ಬೇಗ ಸವೆಯುತ್ತದೆ. ಅದರ ಒಳ್ಳೆಯ ಜೋಡಣೆಯೂ ಮಂಕಾಗಿ ಕಾಣಬಹುದು. ಹೊಳಪನ್ನೇ ನೋಡಿ ಅಂಕ ಕೊಡುವ ಅಭ್ಯಾಸವನ್ನು ಅಧ್ಯಾಪಕರು ಬಿಡಬೇಕಾಗುತ್ತದೆ. ಲೋಹ ತಂತಿಯ ಸುತ್ತ ಹರಿದು ಅಂಟಿದೆಯೇ ಎಂಬುದನ್ನು ನೋಡಬೇಕು.

ನನ್ನ ಸಲಹೆ ಇಷ್ಟು. ಹತ್ತನೆಯ ತರಗತಿಯವರೆಗೆ ಬ್ರೆಡ್‌ಬೋರ್ಡ್ ಸಾಕು. ಬೆಸುಗೆ ಬೇಕೇ ಬೇಕೆಂದರೆ ಸೀಸರಹಿತ ತಂತಿ. ಕಾಲೇಜಿನವರು 63/37 ಬಳಸಬಹುದು, ಆದರೆ ಮೇಜಿನ ಮೇಲೆ ತಿಂಡಿ ಬೇಡ, ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯಬೇಕು. ಇಬ್ಬರಿಗೂ 0.8 ಮಿಲಿಮೀಟರ್ ದಪ್ಪದ, ರೋಸಿನ್ ತಿರುಳಿನ ತಂತಿಯೇ ಇರಲಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಬೋರ್ಡನ್ನು ಒರೆಸಿ. ಆಗ ಬಿಸಿ ಕಡ್ಡಿ ಹತ್ತಿರವಿರಬಾರದು.

ಮುಂದಿನ ಬಾರಿ ಪಟ್ಟಿ ಬರೆಯುವಾಗ ‘ಅಗತ್ಯವಿದ್ದಷ್ಟು’ ಎಂಬುದನ್ನು ಹೊಡೆದುಹಾಕಿ ಮಿಶ್ರಲೋಹ, ದಪ್ಪ, ಫ್ಲಕ್ಸ್ ಈ ಮೂರನ್ನೂ ಬರೆಯಿರಿ. ಚೀಟಿಯಲ್ಲಿ ಈ ವಿವರಗಳಿಲ್ಲದ ಸುರುಳಿಯನ್ನು ಅಂಗಡಿಯವರಿಗೇ ಹಿಂದಿರುಗಿಸಿ.